ತೊರವಿಯ ಸುರಂಗ, ಕೂಡಗಿಯ ಚಿಮಣಿ: ಕ್ಯಾಂಪಸ್ಸಿನ ಕಾರ್ಬನ್ ಲೆಕ್ಕ ಶುರುವಾಗಿದ್ದು ಹೇಗೆ?

ಒಂದು ವಿಶ್ವವಿದ್ಯಾಲಯ ವರ್ಷಕ್ಕೆ ಎಷ್ಟು ಕಾರ್ಬನ್ ಗಾಳಿಗೆ ಬಿಡುತ್ತದೆ ಅಂತ ಕೇಳಿ ನೋಡಿ. ನಮ್ಮ ವಿಜಯಪುರದ ಕಡೆ ಬಹಳ ಜನ ಹೇಳುವುದು ಕ್ಯಾಂಪಸ್ಸಿನಲ್ಲಿ ಎಷ್ಟು ಗಿಡ ಇವೆ ಅಂತ. ಕೇಳಿದ್ದು ಹೊಗೆಯ ಲೆಕ್ಕ (ಕಾರ್ಬನ್ ಡೈಆಕ್ಸೈಡನ್ನೇ ಇಲ್ಲಿ ಹೊಗೆ ಅನ್ನುತ್ತೇನೆ), ಬಂದಿದ್ದು ಗಿಡದ ಲೆಕ್ಕ. ಅವರದೇನೂ ತಪ್ಪಿಲ್ಲ. ಪರಿಸರ ಅಂದರೆ ಸಸಿ ನೆಡುವುದು ಅಂತಲೇ ನಮಗೆಲ್ಲ ಕಲಿಸಿದ್ದಾರೆ. ಆ ಪಾಠ ಎಲ್ಲಿಂದ ಬಂತು, ಹೊಗೆಯ ಲೆಕ್ಕ ಯಾವಾಗ ಶುರುವಾಯಿತು, ಇವೆರಡೂ ಯಾಕೆ ಇನ್ನೂ ಸೇರಿಲ್ಲ ಅಂತ ಹೇಳೋಣ ಅಂತ ಕೂತಿದ್ದೇನೆ.

ವನಮಹೋತ್ಸವ ಶುರುವಾಗಿದ್ದು 1950ರಲ್ಲಿ, ಕೆ.ಎಂ. ಮುನ್ಷಿ ಕೇಂದ್ರ ಸಚಿವರಾಗಿದ್ದಾಗ. 1972ರಲ್ಲಿ ಸ್ಟಾಕ್‌ಹೋಮಿನಲ್ಲಿ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನ ನಡೆಯಿತು, ಮರುವರ್ಷದಿಂದ ಜೂನ್ 5 ಪರಿಸರ ದಿನವಾಯಿತು. ಎರಡೂ ಬೀಳುವುದು ಮುಂಗಾರಿನ ಹೊತ್ತಿಗೆ. ಶಾಲೆ ಕಾಲೇಜುಗಳೂ ಆಗಲೇ ತೆರೆಯುತ್ತವೆ, ಹಾಗಾಗಿ ಸಸಿ ನೆಡುವ ಕಾರ್ಯಕ್ರಮ ಸರಿಯಾಗಿ ಒಗ್ಗಿಕೊಂಡಿತು. ನಮ್ಮದು ಬರದ ಜಿಲ್ಲೆ, ಕಾಡು ಅನ್ನುವುದು ಹುಡುಕಿದರೂ ಸಿಗುವುದು ಕಷ್ಟ. ಕೋಟಿ ವೃಕ್ಷ ಅಭಿಯಾನ ನಡೆದ ಊರಿದು, ನೆರಳಿನ ಬೆಲೆ ನಮಗೆ ಗೊತ್ತು. ಆದರೆ ನಾನು ಓದಿದ ಕಾಲೇಜಿನಲ್ಲಿ ಜೂನಿನಲ್ಲಿ ನೆಟ್ಟ ಸಸಿ ಮಾರ್ಚಿಗೆ ಒಣಗಿ ನಿಲ್ಲುತ್ತಿತ್ತು, ಯಾಕಂದರೆ ಬೇಸಿಗೆಯಲ್ಲಿ ನೀರು ಹಾಕುವ ಕೆಲಸ ಯಾರ ಹೆಸರಿಗೂ ಇರಲಿಲ್ಲ. ಮೂರು ವರ್ಷವೂ ನಾವು ಹೆಚ್ಚುಕಡಿಮೆ ಅದೇ ಗುಂಡಿಗಳಲ್ಲಿ ನೆಟ್ಟೆವು. ಅದು ನನಗೆ ಇವತ್ತಿಗೂ ಬೇಜಾರು.

ವಿಶ್ವವಿದ್ಯಾಲಯಗಳು ತಮ್ಮದೇ ಅಂಗಳದ ಬಗ್ಗೆ ಮಾತಾಡಲು ಶುರು ಮಾಡಿದ್ದು 1990ರಲ್ಲಿ. ಫ್ರಾನ್ಸಿನ ತಲ್ವಾರ್ ಎಂಬ ಊರಿನಲ್ಲಿ ಬೇರೆ ಬೇರೆ ದೇಶಗಳ 22 ವಿಶ್ವವಿದ್ಯಾಲಯಗಳ ಮುಖ್ಯಸ್ಥರು ಸೇರಿ ಒಂದು ಘೋಷಣೆಗೆ ಸಹಿ ಹಾಕಿದರು. ಪರಿಸರದ ಪಾಠ ಹೇಳಿದರೆ ಸಾಲದು, ಕ್ಯಾಂಪಸ್ ನಡೆಸುವ ರೀತಿಯೂ ಬದಲಾಗಬೇಕು ಅನ್ನುವುದು ಅದರ ಮುಖ್ಯ ಮಾತು. ನಮ್ಮಲ್ಲಿ ವಿಷಯ ಬೇರೆ ದಾರಿಯಲ್ಲಿ ಬಂತು. ವಕೀಲ ಎಂ.ಸಿ. ಮೆಹ್ತಾ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಪರಿಸರದ ಪಾಠ ಎಲ್ಲ ಹಂತದಲ್ಲೂ ಕಡ್ಡಾಯವಾಗಬೇಕು ಎಂದಿತು. ಮುಂದೆ ಪದವಿಗೆ ಪರಿಸರ ಅಧ್ಯಯನದ ಕಡ್ಡಾಯ ಪತ್ರಿಕೆ ಬಂತು. ಹೀಗೆ ನಮ್ಮಲ್ಲಿ ಪರಿಸರ ಪುಸ್ತಕದ ಬಾಗಿಲಿನಿಂದ ಒಳಗೆ ಬಂದು ಪುಸ್ತಕದಲ್ಲೇ ಉಳಿಯಿತು. ಪಾಸಾಗಲು ಬೇಕಾದ ಅಂಕ ಬಂದರೆ ಮುಗಿಯಿತು, ಕ್ಲಾಸಿನ ಮೀಟರ್ ಎಲ್ಲಿದೆ ಅಂತ ಯಾರೂ ಕೇಳಲಿಲ್ಲ.

ಹೊಗೆಯನ್ನು ಅಳೆಯುವ ರೀತಿ ಬಂದಿದ್ದು 2001ರಲ್ಲಿ, ಜಿಎಚ್‌ಜಿ ಪ್ರೋಟೋಕಾಲ್ ಅನ್ನುವ, ಭೂಮಿಯನ್ನು ಬಿಸಿ ಮಾಡುವ ಅನಿಲಗಳ ಲೆಕ್ಕದ ನಿಯಮಾವಳಿಯ ಮೂಲಕ. ಅದು ಸಂಸ್ಥೆಯ ಹೊಗೆಯನ್ನು ಮೂರು ಗುಂಪು ಮಾಡುತ್ತದೆ. ಮೊದಲನೆಯದು ನಾವೇ ಸುಡುವುದು: ಜನರೇಟರಿನ ಡೀಸೆಲ್, ಹಾಸ್ಟೆಲ್ ಅಡುಗೆಮನೆಯ ಗ್ಯಾಸು. ಎರಡನೆಯದು ಕೊಂಡ ಕರೆಂಟು. ಮೂರನೆಯದು ಉಳಿದಿದ್ದೆಲ್ಲ: ವಿದ್ಯಾರ್ಥಿಗಳು ಬರುವ ಬಸ್ಸು ಬೈಕು, ತರಿಸುವ ಸಾಮಾನು, ಎಸೆಯುವ ಕಸ. ಮೂರನೆಯದನ್ನು ಅಳೆಯುವುದು ಬಲು ಕಷ್ಟ, ಅದಕ್ಕೇ ಎಷ್ಟೋ ಕಡೆ ಅದನ್ನು ಬಿಟ್ಟೇ ಬಿಡುತ್ತಾರೆ. 2007ರಲ್ಲಿ ಅಮೆರಿಕದ ಕಾಲೇಜ್ ಆಫ್ ದಿ ಅಟ್ಲಾಂಟಿಕ್ ತಾನು ಕಾರ್ಬನ್ ಲೆಕ್ಕವನ್ನು ಸೊನ್ನೆಗೆ ತಂದೆ ಅಂತ ಘೋಷಿಸಿತು. ಆದರೆ ತನ್ನಲ್ಲಿ ಉಳಿದ ಹೊಗೆಗೆ ಬೇರೆ ಕಡೆ ಹೊಗೆ ಇಳಿಸುವ ಕೆಲಸಕ್ಕೆ ದುಡ್ಡು ಕೊಟ್ಟು ಸರಿದೂಗಿಸಿತ್ತು. ಅದೂ ಒಂದು ದಾರಿ ಇರಬಹುದು, ನನಗೆ ಮಾತ್ರ ಮನೆಯ ಹೊಗೆಯನ್ನೇ ಮೊದಲು ಇಳಿಸುವುದು ಸರಿ ಅನ್ನಿಸುತ್ತದೆ.

ನಮ್ಮ ಕ್ಯಾಂಪಸ್ಸುಗಳಿಗೆ ನಿಜವಾಗಿ ಬಿಸಿ ಮುಟ್ಟಿಸಿದ್ದು ನ್ಯಾಕ್, ಅಂದರೆ ಕಾಲೇಜು ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ರಾಷ್ಟ್ರೀಯ ಸಂಸ್ಥೆ. 2017ರಲ್ಲಿ ಬದಲಾದ ಅದರ ಮಾನದಂಡದಲ್ಲಿ ಎಲ್‌ಇಡಿ ದೀಪ ಎಷ್ಟು ಶೇಕಡಾ, ಸೋಲಾರ್ ಕರೆಂಟ್ ಎಷ್ಟು, ಮಳೆನೀರು ಹಿಡಿಯುತ್ತೀರಾ ಅನ್ನುವ ಪ್ರಶ್ನೆಗಳಿಗೂ ಅಂಕ ಬಂತು. ಗ್ರೀನ್ ಆಡಿಟ್ (ಕ್ಯಾಂಪಸ್ಸಿನ ಕರೆಂಟು, ನೀರು, ಕಸದ ತಪಾಸಣೆ) ಅನ್ನುವ ಮಾತು ಬೆಳಗಾವಿಯಿಂದ ವಿಜಯಪುರದವರೆಗೆ ಎಲ್ಲ ಕಾಲೇಜು ಆಫೀಸುಗಳಿಗೆ ಬಂದಿದ್ದು ಹೀಗೆ. ಆಮೇಲೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಹಸಿರು ಕ್ಯಾಂಪಸ್ಸಿಗೆಂದು 'ಸತತ್' ಹೆಸರಿನ ಮಾರ್ಗಸೂಚಿ ತಂದಿತು. 2021ರಲ್ಲಿ ಗ್ಲಾಸ್ಗೋದ ಹವಾಮಾನ ಸಮ್ಮೇಳನದಲ್ಲಿ ಭಾರತ 2070ರ ಹೊತ್ತಿಗೆ ಕಾರ್ಬನ್ ಲೆಕ್ಕ ಸೊನ್ನೆಗೆ ತರುತ್ತೇವೆ ಅಂತ ಮಾತು ಕೊಟ್ಟಿತು. ಅಂಕಕ್ಕಾಗಿ ಶುರುವಾದರೂ ಆಗಲಿ, ಬಲ್ಬು ಬದಲಾಗಿವೆ ಅಲ್ವಾ? ಅದು ಒಳ್ಳೆಯದೇ. ತೊಂದರೆ ಇರುವುದು ಬೇರೆ ಕಡೆ. ನ್ಯಾಕ್ ಸಮಿತಿ ಬರುವುದು ಕೆಲವು ವರ್ಷಕ್ಕೊಮ್ಮೆ, ಕರೆಂಟ್ ಬಿಲ್ ಬರುವುದು ತಿಂಗಳಿಗೊಮ್ಮೆ. ಆಡಿಟ್ ವರದಿ ಸಮಿತಿಗಾಗಿ ತಯಾರಾಗುತ್ತದೆ, ಬಿಲ್ ಮಾತ್ರ ಅಕೌಂಟ್ಸ್ ವಿಭಾಗದ ಫೈಲಿಗೆ ಹೋಗಿ ಕೂರುತ್ತದೆ.

ಆ ಬಿಲ್ಲಿನಲ್ಲೇ ಕಥೆ ಇರುವುದು. ಕೇಂದ್ರ ವಿದ್ಯುತ್ ಪ್ರಾಧಿಕಾರದ ಲೆಕ್ಕದ ಪ್ರಕಾರ ನಮ್ಮ ದೇಶದ ಗ್ರಿಡ್ಡಿನ ಒಂದು ಯೂನಿಟ್ ಕರೆಂಟಿಗೆ ಸುಮಾರು 700 ಗ್ರಾಂ ಕಾರ್ಬನ್ ಡೈಆಕ್ಸೈಡ್ ಹೊರಬೀಳುತ್ತದೆ. ಇದು ಎಲ್ಲೋ ದೂರದ ವಿಷಯ ಅಲ್ಲ. ಕಲ್ಲಿದ್ದಲು ಸುಡುವ ಕೂಡಗಿಯ 2,400 ಮೆಗಾವಾಟ್ ಸ್ಥಾವರ ನಮ್ಮದೇ ಜಿಲ್ಲೆಯಲ್ಲಿದೆ. ಕಲ್ಲಿದ್ದಲು ಬೇರೆ ರಾಜ್ಯದಿಂದ ರೈಲಿನಲ್ಲಿ ಬರುತ್ತದೆ, ನೀರು ಆಲಮಟ್ಟಿಯದು. 2014ರಲ್ಲಿ ಅಲ್ಲಿನ ರೈತರು ಬೀದಿಗೆ ಇಳಿದಿದ್ದು, ಗೋಲಿಬಾರ್ ಆಗಿದ್ದು ಈ ಭಾಗದವರು ಮರೆತಿಲ್ಲ. ಕ್ಯಾಂಪಸ್ಸಿನಲ್ಲಿ ಖಾಲಿ ಕ್ಲಾಸಿನ ಫ್ಯಾನು ಸುಮ್ನೆ ತಿರುಗುತ್ತಿದ್ದರೆ ಹೊಗೆ ಏಳುವುದು ಅಂಥ ಯಾವುದೋ ಊರಿನ ತಲೆಯ ಮೇಲೆ.

ಒಂದು ಫ್ಯಾನಿನ ಲೆಕ್ಕ ನೋಡಿ. ಹಳೆಯ ಫ್ಯಾನು 75 ವಾಟ್. ದಿನಕ್ಕೆ 10 ತಾಸು, ವರ್ಷಕ್ಕೆ 200 ದಿನ ತಿರುಗಿದರೆ 150 ಯೂನಿಟ್, ಅಂದರೆ 105 ಕೆಜಿ ಹೊಗೆ. ಈಗ ಬಂದಿರುವ, ಕಡಿಮೆ ಕರೆಂಟ್ ತಿನ್ನುವ ಮೋಟರಿನ ಬಿಎಲ್‌ಡಿಸಿ ಫ್ಯಾನು 30 ವಾಟಿನೊಳಗೆ ಅಷ್ಟೇ ಗಾಳಿ ಕೊಡುತ್ತದೆ. ವರ್ಷಕ್ಕೆ ಹೊಗೆಯಲ್ಲಿ ಉಳಿತಾಯ 63 ಕೆಜಿ. ಚೆನ್ನಾಗಿ ಬೆಳೆದ ಮರ ವರ್ಷಕ್ಕೆ ಸುಮಾರು 20 ಕೆಜಿ ಹೀರುತ್ತದೆ ಅಂತ ಸಾಮಾನ್ಯವಾಗಿ ಲೆಕ್ಕ ಹಿಡಿಯುತ್ತಾರೆ. ಅಂದರೆ ಒಂದು ಫ್ಯಾನು ಬದಲಿಸಿದರೆ ಮೂರು ಮರದ ಕೆಲಸ ಆಯಿತು, ಅದೂ ಮೊದಲ ವರ್ಷದಿಂದಲೇ, ಬೇಸಿಗೆಯಲ್ಲಿ ನೀರು ಹಾಕದೆ. ಗಿಡ ಬೇಡ ಅಂತ ನಾನು ಹೇಳುತ್ತಿಲ್ಲ. ನೆರಳಿಗೆ, ಹಕ್ಕಿಗೆ, ಕಣ್ಣಿಗೆ ಗಿಡ ಬೇಕೇ ಬೇಕು. ಆದರೆ ಕರೆಂಟ್ ಬಿಲ್ಲಿನ ಪಾಪವನ್ನು ಸಸಿಯ ತಲೆಗೆ ಕಟ್ಟಬಾರದು.

ಸೋಲಾರಿಗೆ ನಮ್ಮ ಊರಿನಷ್ಟು ಒಳ್ಳೆಯ ಜಾಗ ಸಿಗುವುದು ಕಷ್ಟ. 1 ಕಿಲೋವಾಟ್ ಪ್ಯಾನೆಲ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. 100 ಕಿಲೋವಾಟ್ ಹಾಕಿದರೆ ವರ್ಷಕ್ಕೆ 1.46 ಲಕ್ಷ ಯೂನಿಟ್, ಸುಮಾರು 100 ಟನ್ ಹೊಗೆ ಕಡಿಮೆ. ಒಮ್ಮೆಲೇ ದುಡ್ಡು ಹಾಕಲು ಆಗದ ವಿಶ್ವವಿದ್ಯಾಲಯಕ್ಕೆ ರೆಸ್ಕೋ ಅನ್ನುವ ದಾರಿ ಇದೆ: ಕಂಪನಿಯೇ ಛಾವಣಿಯ ಮೇಲೆ ಪ್ಯಾನೆಲ್ ಕೂರಿಸುತ್ತದೆ, ನೀವು ಬಳಸಿದ ಯೂನಿಟ್ಟಿಗೆ ಕೊಟ್ಟರಾಯಿತು. ಕ್ಲಾಸು ನಡೆಯುವುದೂ ಹಗಲು, ಬಿಸಿಲೂ ಹಗಲು, ಹೊಂದಿಕೆ ಚೆನ್ನಾಗಿದೆ. ನಮ್ಮ ಕಡೆಯ ತೊಂದರೆ ಧೂಳು. ತೊಳೆಯದಿದ್ದರೆ ಇಳುವರಿ ಬೀಳುತ್ತದೆ, ಬೋರಿನ ಗಡಸು ನೀರಿನಲ್ಲಿ ತೊಳೆದರೆ ಗಾಜಿನ ಮೇಲೆ ಬಿಳಿ ಕಲೆ ಕೂರುತ್ತದೆ. ಹಿಡಿದಿಟ್ಟ ಮಳೆನೀರು ಇಲ್ಲೂ ಉಪಯೋಗಕ್ಕೆ ಬರುತ್ತದೆ.

ನೀರು ಅಂದಾಗ ವಿಜಯಪುರದ ಪಕ್ಕದ ತೊರವಿ ನೆನಪಾಗುತ್ತದೆ. 2003ರಲ್ಲಿ ಶುರುವಾದ, ಈಗ ಅಕ್ಕಮಹಾದೇವಿ ಹೆಸರಿನ ರಾಜ್ಯದ ಮಹಿಳಾ ವಿಶ್ವವಿದ್ಯಾಲಯ ಇರುವುದು ಅಲ್ಲೇ. ಆದಿಲ್‌ಶಾಹಿ ಕಾಲದ ಸುರಂಗ ಬಾವಡಿಯೂ ತೊರವಿಯದೇ. ನೆಲದ ಇಳಿಜಾರು ನೋಡಿ ಸುರಂಗ ಕೊರೆದರು, ಗಾಳಿಗೆ ಮತ್ತು ಹೂಳು ತೆಗೆಯಲು ನಡುನಡುವೆ ಬಾವಿಯಂಥ ಕಂಡಿ ಬಿಟ್ಟರು, ನೀರು ತನ್ನ ಪಾಡಿಗೆ ಹರಿದು ಊರು ಮುಟ್ಟುತ್ತಿತ್ತು. ಒಂದು ಹನಿ ಎಣ್ಣೆ ಸುಡಲಿಲ್ಲ. ಇವತ್ತು ಯಾವ ಕ್ಯಾಂಪಸ್ಸಿಗೆ ಹೋದರೂ ನೀರನ್ನು ಬೋರಿನಿಂದ ಟ್ಯಾಂಕಿಗೆ, ಟ್ಯಾಂಕಿನಿಂದ ಮಾಳಿಗೆಗೆ ಮೋಟರ್ ಎತ್ತಬೇಕು. ಸೋರುವ ಒಂದು ನಲ್ಲಿ ಅಂದರೆ ಸೋರುವ ಕರೆಂಟೇ. ಕಟ್ಟಡದ ಕಥೆಯೂ ಹಾಗೇ. ನಮ್ಮ ಹಿರಿಯರ ಮಣ್ಣಿನ ಮಾಳಿಗೆ ಮನೆಗಳು ಏಪ್ರಿಲ್ ಮಧ್ಯಾಹ್ನವೂ ತಣ್ಣಗೆ ಇರುತ್ತಿದ್ದವು. ಈಗಿನ ತೆಳು ಕಾಂಕ್ರೀಟ್ ಛಾವಣಿ ಹಗಲೆಲ್ಲ ಕಾದು ರಾತ್ರಿ ಹಾಸ್ಟೆಲ್ ಕೋಣೆಯೊಳಗೆ ಬಿಸಿ ಇಳಿಸುತ್ತದೆ. ಛಾವಣಿಗೆ ಬಿಳಿ ಸುಣ್ಣ ಬಳಿದರೂ ಎಷ್ಟೋ ವ್ಯತ್ಯಾಸ ಆಗುತ್ತದೆ.

ಹಾಸ್ಟೆಲ್ಲಿನಲ್ಲಿ ಉರಿಯುವ 19 ಕೆಜಿಯ ಒಂದು ಸಿಲಿಂಡರ್ ಸುಮಾರು 57 ಕೆಜಿ ಹೊಗೆ ಕೊಡುತ್ತದೆ. ಮಿಕ್ಕ ಅನ್ನ ಸಾರನ್ನು ಬಯೋಗ್ಯಾಸ್ ಗುಂಡಿಗೆ ಹಾಕಿದರೆ ಅದರಲ್ಲಿ ಒಂದಿಷ್ಟು ಕಡಿಮೆಯಾಗುತ್ತದೆ. ತಟ್ಟೆಯಲ್ಲಿರುವುದೂ ಲೆಕ್ಕಕ್ಕೆ ಬರುತ್ತದೆ: ನೀರು ನಿಂತ ಭತ್ತದ ಗದ್ದೆಯಿಂದ ಭೂಮಿಯನ್ನು ಬಿಸಿ ಮಾಡುವ ಮೀಥೇನ್ ಅನಿಲ ಏಳುತ್ತದೆ, ಎರೆಹೊಲದ ಹಸಿಯಲ್ಲೇ ಬೆಳೆಯುವ ಹಿಂಗಾರಿ ಜೋಳಕ್ಕೆ ಆ ಕಾಟ ಇಲ್ಲ. ರೊಟ್ಟಿ ತಿನ್ನುವವರಿಗೆ ಇದು ಖುಷಿಯ ವಿಷಯ.

ಓಡಾಟದಲ್ಲಿ ನಮ್ಮ ಹುಡುಗಿಯರು ಆಗಲೇ ಮುಂದಿದ್ದಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಅವರಿಗೆ ಸರ್ಕಾರಿ ಬಸ್ ಉಚಿತ. ಐವತ್ತು ಜನ ತುಂಬಿದ ಬಸ್ಸಿನಲ್ಲಿ ಒಬ್ಬರ ಪಾಲಿಗೆ ಕಿಲೋಮೀಟರಿಗೆ 12 ಗ್ರಾಮಿನಷ್ಟು ಹೊಗೆ ಬಂದರೆ, ಒಬ್ಬರೇ ಓಡಿಸುವ ಸ್ಕೂಟರಿನದು ಸುಮಾರು 50 ಗ್ರಾಂ. ಆದರೆ ಈ ಉಳಿತಾಯ ಯಾವ ಕ್ಯಾಂಪಸ್ಸಿನ ಲೆಕ್ಕದಲ್ಲಾದರೂ ಬರಬೇಕಾದರೆ ಯಾರು ಯಾವುದರಲ್ಲಿ ಬರುತ್ತಾರೆ ಅಂತ ಮೊದಲು ಕೇಳಿ ಬರೆದಿಟ್ಟುಕೊಳ್ಳಬೇಕು. ಅಡ್ಮಿಷನ್ ಫಾರ್ಮಿನಲ್ಲಿ ಒಂದು ಸಾಲು ಜಾಸ್ತಿ ಸೇರಿಸಿದರೆ ಆಯಿತು.

ನಾನು ಕೇಳುವುದು ಇನ್ನೊಂದೇ. ಪರೀಕ್ಷೆಗೆ ಮುಂಚೆ ಹಾಜರಾತಿ ಕಡಿಮೆ ಇದ್ದವರ ಪಟ್ಟಿ ಅಂಟಿಸುವ ಬೋರ್ಡ್ ಇರುತ್ತದಲ್ಲ, ಎಲ್ಲರೂ ನಿಂತು ಓದುವ ಬೋರ್ಡ್ ಅದೊಂದೇ. ಪ್ರತಿ ತಿಂಗಳು ಕರೆಂಟ್ ಕೊಡುವ ಹೆಸ್ಕಾಂ ಕಂಪನಿಯ ಬಿಲ್ಲಿನ ಯೂನಿಟ್, ಜನರೇಟರ್ ಕುಡಿದ ಡೀಸೆಲ್, ಹಾಸ್ಟೆಲ್ ಸುಟ್ಟ ಸಿಲಿಂಡರ್, ಈ ಮೂರು ಅಂಕಿ, ಪಕ್ಕದಲ್ಲಿ ಹೋದ ವರ್ಷದ ಅದೇ ತಿಂಗಳಿನದು, ಅಲ್ಲಿ ಅಂಟಿಸಿ.