ಜೋಕ್ ಹೊಡಿಯೋಕೆ ಬರ್ದಿದ್ರೂ ಇಂಪ್ರೊವ್ ಕಲೀಬಹುದು

ಇಂಪ್ರೊವ್ ಕ್ಲಾಸಿಗೆ ಸೇರೋಕೆ ಫೋನ್ ಮಾಡೋರಲ್ಲಿ ತುಂಬಾ ಜನ ಕೇಳೋದು ಒಂದೇ ಮಾತು, ನಂಗೆ ಜೋಕ್ ಹೊಡಿಯೋಕೆ ಬರಲ್ಲ, ತಕ್ಷಣಕ್ಕೆ ಏನೂ ಹೊಳೆಯಲ್ಲ, ಬರಬಹುದಾ ಅಂತ. ಖಂಡಿತ ಬನ್ನಿ. ಸ್ಕ್ರಿಪ್ಟ್ ಇಲ್ದೆ ನಿಂತ ಜಾಗದಲ್ಲೇ ಸೀನ್ ಕಟ್ಟೋ ಈ ಕಲೆಯಲ್ಲಿ ಮೊದ್ಲು ತಡವರಿಸೋರು ಪಟಪಟ ಮಾತಾಡೋರೇ, ಯಾಕಂದ್ರೆ ಎದುರಿನವ್ರು ಬಾಯಿ ತೆಗೆಯೋಕ್ ಮುಂಚೆನೇ ಇವ್ರ ತಲೇಲಿ ಮುಂದಿನ ಡೈಲಾಗ್ ರೆಡಿ ಇರುತ್ತೆ, ಆಮೇಲೆ ಅವ್ರು ಏನು ಹೇಳಿದ್ರು ಅನ್ನೋದು ಕಿವಿಗೇ ಬಿದ್ದಿರಲ್ಲ.

ಇದು ಹುಟ್ಟಿದ್ದೂ ನಗಿಸೋಕಲ್ಲ. 1920ರ ದಶಕದಲ್ಲಿ ಶಿಕಾಗೋದ ಹಲ್ ಹೌಸ್ ಅನ್ನೋ ಸಮಾಜಸೇವಾ ಕೇಂದ್ರದಲ್ಲಿ ನೀವಾ ಬಾಯ್ಡ್ ಅನ್ನೋ ಶಿಕ್ಷಕಿ ಆಟಗಳ ಮೂಲಕ ಜನರನ್ನ ಒಟ್ಟು ಸೇರಿಸೋದು ಹೇಗೆ ಅಂತ ಕಲಿಸ್ತಿದ್ರು. ಅವ್ರ ಶಿಷ್ಯೆ ವಯೋಲಾ ಸ್ಪೋಲಿನ್ ಮುಂದೆ ವಲಸೆ ಬಂದ ಕುಟುಂಬಗಳ ಮಕ್ಕಳಿಗೆ ನಾಟಕ ಕಲಿಸೋಕೆ ಅಂತ ಹೊಸ ಹೊಸ ಆಟ ಕಟ್ಟಿದ್ರು, ಇವತ್ತು ನಾವು ಆಡ್ಸೋದ್ರಲ್ಲಿ ಎಷ್ಟೋ ಆಟ ಅಲ್ಲಿಂದ ಬಂದಿದ್ದೇ. ಅವ್ರ ಮಗ ಪಾಲ್ ಸಿಲ್ಸ್ ಗೆಳೆಯರ ಜೊತೆ 1959ರಲ್ಲಿ ಸೆಕೆಂಡ್ ಸಿಟಿ ಅನ್ನೋ ನಾಟಕ ತಂಡ ಶುರು ಮಾಡಿದ್ಮೇಲೆ ಇದು ಕಾಮಿಡಿ ಅಂತ ಹೆಸರಾಯ್ತು.

ನಾನು ಹೊಸಬ್ರಿಗೆ ಮೊದ್ಲು ಕೊಡೋದು ಕೊನೇ ಪದದ ಆಟ. ಎದುರಿನವ್ರ ವಾಕ್ಯ ಯಾವ ಪದದಲ್ಲಿ ಮುಗಿಯುತ್ತೋ ನಿಮ್ಮ ವಾಕ್ಯ ಅದ್ರಿಂದಲೇ ಶುರುವಾಗ್ಬೇಕು, ಅಷ್ಟೇ ರೂಲ್ಸು. ಕನ್ನಡದಲ್ಲಿ ಈ ಆಟಕ್ಕೆ ಇನ್ನೂ ಬಲ ಜಾಸ್ತಿ, ನಮ್ಮ ವಾಕ್ಯದ ಜೀವ ಇರೋದೇ ಕೊನೇಲಿ. "ಭಾನುವಾರ ಅಕ್ಕನ ಮನೆಗೆ ಹೋಗ್ಬೇಕು ಅಂದ್ಕೊಂಡಿದ್ದೆ" ಅಂತ ಹೆಂಡತಿ ಹೇಳ್ತಿರೋವಾಗ "ಹೋಗ್ಬೇಕು" ಅನ್ನೋಷ್ಟ್ರಲ್ಲೇ "ಹ್ಞೂ ಹೋಗ್ಬಾ" ಅಂದ್ಬಿಟ್ರೆ, ಹೋಗೋದು ಕ್ಯಾನ್ಸಲ್ ಆಗಿದೆ, ಅದಕ್ಕೆ ಬೇಜಾರಾಗಿದೆ ಅನ್ನೋದು ಆ "ಇದ್ದೆ"ಯಲ್ಲೇ ಉಳ್ಕೊಂಡ್ಬಿಡುತ್ತೆ.

ಇನ್ನು ಇಂಪ್ರೊವ್‌ನೋರಿಗೆಲ್ಲ ಗೊತ್ತಿರೋ "ಯೆಸ್, ಆಂಡ್" ಸೂತ್ರ, ಅಂದ್ರೆ ಎದುರಿನವ್ರು ಹೇಳಿದ್ದನ್ನ ಒಪ್ಕೊಂಡು ಅದಕ್ಕೆ ನಿಮ್ಮದೊಂದು ಸೇರಿಸೋದು. ಒಬ್ರು "ಡಾಕ್ಟ್ರೇ, ಹೊರಗಡೆ ಒಂದು ಆನೆ ಕಾಯ್ತಿದೆ" ಅಂದಾಗ ಇನ್ನೊಬ್ರು "ಯಾವ ಆನೆ, ಏನೂ ಇಲ್ಲ" ಅಂದ್ರೆ ಸೀನ್ ಅಲ್ಲೇ ಸತ್ತೋಯ್ತು. "ಹೌದು, ಹನ್ನೊಂದಕ್ಕೆ ಬಾ ಅಂದಿದ್ದೆ, ಹಲ್ಲುನೋವಿಗೆ ಬೇಗ ಬಂದಿದೆ ಪಾಪ" ಅಂದ್ರೆ ಕತೆ ನಡೆಯುತ್ತೆ. ಆದ್ರೆ ಇದನ್ನ ಕೆಲವು ಆಫೀಸ್ ಟ್ರೈನಿಂಗುಗಳಲ್ಲಿ ಬಾಸ್ ಹೇಳಿದ್ದಕ್ಕೆಲ್ಲ ಹೌದು ಅನ್ನಿ ಅಂತ ತಿರುಚ್ತಾರೆ, ಅದು ಖಂಡಿತ ತಪ್ಪು. ಒಪ್ಕೋಬೇಕಾಗಿದ್ದು ಎದುರಿನವ್ರು ಹೇಳಿದ್ದು ಅವ್ರ ಪಾಲಿಗೆ ನಿಜ ಅನ್ನೋದನ್ನ, ಅವ್ರು ಕೇಳಿದ ಕೆಲ್ಸವನ್ನಲ್ಲ.

ಈ ವ್ಯತ್ಯಾಸ ನೋಡ್ಬೇಕಂದ್ರೆ ಒಂದು ರಾತ್ರಿ ತಾಳಮದ್ದಲೆಗೆ, ಅಂದ್ರೆ ಯಕ್ಷಗಾನದ ಮಾತಿನ ರೂಪಕ್ಕೆ, ಹೋಗಿ ಕೂತ್ಕೊಳ್ಳಿ. ವೇಷ ಇಲ್ಲ, ಕುಣಿತ ಇಲ್ಲ, ಭಾಗವತರು ಹಾಡೋ ಪದ್ಯ ಮೊದ್ಲೇ ಬರೆದಿದ್ದು, ಆದ್ರೆ ಪಾತ್ರಗಳಾಗಿ ಮಾತಾಡೋ ಅರ್ಥಧಾರಿಗಳ ಮಾತು ಅಲ್ಲೇ ಹುಟ್ಬೇಕು. ಮರೆಯಲ್ಲಿ ನಿಂತು ಯಾಕೆ ಬಾಣ ಬಿಟ್ಟೆ ಅಂತ ವಾಲಿ ಕೇಳ್ತಾನೆ, ಯಾವ ಕಡೆಯಿಂದ ಕೇಳ್ತಾನೆ ಅನ್ನೋದು ರಾಮನ ಅರ್ಥ ಹೇಳೋರಿಗೆ ಮುಂಚೆ ಗೊತ್ತಿರಲ್ಲ, ಆ ಪ್ರಶ್ನೆ ಬಿಟ್ಟು ಬಾಯಿಪಾಠದ ಉತ್ರ ಕೊಟ್ರೆ ಸಭೆಗೆ ತಕ್ಷಣ ಗೊತ್ತಾಗುತ್ತೆ. ಇಬ್ರೂ ಒಬ್ರಿಗೊಬ್ರು ಒಪ್ಪಲ್ಲ, ಆದ್ರೆ ಒಬ್ರ ಮಾತನ್ನ ಇನ್ನೊಬ್ರು ಪೂರ್ತಿ ಎತ್ಕೊಂಡೇ ಮುಂದಕ್ಕೆ ಹೋಗ್ತಾರೆ. ಕರಾವಳಿ, ಮಲೆನಾಡಲ್ಲಿ ಇದನ್ನ ಕೇಳ್ತಾ ಬೆಳೆದೋರಿಗೆ ಇಂಪ್ರೊವ್ ಬೇಗ ಒಗ್ಗುತ್ತೆ ಅನ್ನೋದು ನನ್ನ ಅನುಭವ.

ಮನೇಲೂ ಹಾಗೇ. ಮಗು "ಸ್ಕೂಲಿಗೆ ಹೋಗಲ್ಲ" ಅಂದ್ರೆ "ಹಾಗೆಲ್ಲ ಅನ್ಬಾರ್ದು" ಅನ್ನೋದು ಆನೆ ಇಲ್ಲ ಅಂದ ಹಾಗೆ. "ಹೋಗೋಕೆ ಮನಸಿಲ್ವಾ ಪುಟ್ಟ, ಕ್ಲಾಸಲ್ಲಿ ಏನಾಯ್ತು?" ಅಂತ ಕೇಳಿ. ಸ್ಕೂಲಿಗೆ ಕಳಿಸೋದಂತೂ ಕಳಿಸ್ತೀರಿ, ಆದ್ರೆ ಪಕ್ಕದ ಬೆಂಚಿನ ಹುಡುಗ ದಿನಾ ಡಬ್ಬಿ ಕಿತ್ಕೊಳ್ಳೋ ವಿಷ್ಯ ಅವತ್ತು ನಿಮಗೆ ಗೊತ್ತಾಗ್ಬಹುದು.

ಕ್ಲಾಸ್ ಹುಡುಕ್ತಿರೋರಿಗೆ ಒಂದು ಮಾತು. ಸೇರೋಕ್ ಮುಂಚೆ ಒಂದಿನ ಸುಮ್ನೆ ಕೂತು ನೋಡಿ. ಯಾರದೋ ಬಣ್ಣ, ಜಾತಿ, ಮೈಕಟ್ಟು ಹಿಡ್ಕೊಂಡು ನಗಿಸೋಕೆ ಹೊರಟಾಗ ಕಲಿಸೋರು ಆಟ ನಿಲ್ಲಿಸ್ತಾರಾ ಅಂತ ಗಮನಿಸಿ, ನಿಲ್ಲಿಸಲ್ಲ ಅಂದ್ರೆ ಅಲ್ಲಿಗೆ ಸೇರ್ಬೇಡಿ.