ಸದು ಮಗ್ಗಕ್ಕೆ ಗುಲಾಬಿ ಯಾಕೆ ಒಗ್ಗುವುದಿಲ್ಲ?

ಅರಬ್ ಮರುಭೂಮಿಯ ಅಲೆಮಾರಿ ಬದೂಯಿನರ ಸದು ನೇಯ್ಗೆಯಲ್ಲಿ ಕಣ್ಣಿಗೆ ಬೀಳುವುದೆಲ್ಲ ಹಾಸು, ಅಂದರೆ ಉದ್ದದ ಎಳೆ. ಅಡ್ಡ ಎಳೆಯಾದ ಹೊಕ್ಕು ಒಳಗೇ ಅಡಗಿರುತ್ತದೆ. ಇದರ ಜೊತೆ ಯುರೋಪಿನ ಹೂಬಳ್ಳಿ ಬೆರೆಸಲು ಹೊರಟವರು ಮೊದಲು ಎಡವುವುದು ಇಲ್ಲೇ.

ನೆಲಕ್ಕೆ ಗೂಟ ಹೊಡೆದು ಎರಡು ಅಡ್ಡಗೋಲು ಬಿಗಿದರೆ ಮಗ್ಗ ಆಯಿತು. ಡೇರೆ ಕಿತ್ತಾಗ ಅರ್ಧ ನೇಯ್ದದ್ದನ್ನು ಕೋಲುಗಳ ಸಮೇತ ಸುತ್ತಿ ಒಂಟೆಗೆ ಹೇರಬಹುದು. ಹೊಕ್ಕನ್ನು ಮರದ ಕತ್ತಿಯಿಂದ ಬಡಿದು, ಜಿಂಕೆ ಕೊಂಬಿನಿಂದ ಕೂರಿಸುತ್ತಾರೆ. ಬಟ್ಟೆಯ ಅಗಲ ಕೈಗೆಟಕುವಷ್ಟೇ. ಬಣ್ಣ ಹಾಸು ಹೂಡುವಾಗಲೇ ತೀರ್ಮಾನವಾಗುತ್ತದೆ: ಕಪ್ಪು, ಬಿಳಿ ಎಳೆಗಳನ್ನು ಒಂದು ಬಿಟ್ಟು ಒಂದು ಹೂಡಿದರೆ ಅಡ್ಡಗೀರು ತಾನಾಗಿ ಮೂಡುತ್ತದೆ. 'ಕುದುರೆ ಹಲ್ಲು' ಎಂಬ ವಿನ್ಯಾಸ ಹುಟ್ಟುವುದೂ ಈ ಉಪಾಯದಿಂದಲೇ. ನಡುವಿನ 'ಶಜರಾ' ಪಟ್ಟೆಯದು ಮಾತ್ರ ಬೇರೆ ಲೆಕ್ಕ. ಅಲ್ಲಿ ಕಪ್ಪು, ಬಿಳಿ ಎಳೆಗಳು ಜೋಡಿ. ಪ್ರತಿ ಸಾಲಿಗೂ ಬೇಕಾದದ್ದನ್ನು ಬೆರಳಿಂದ ಮೇಲೆತ್ತುತ್ತಾರೆ, ಬೇಡವಾದದ್ದು ಹಿಂದೆ ಜೋಲುತ್ತದೆ. ಕತ್ತರಿ, ಬಾಚಣಿಗೆ, ಒಂಟೆ, ಕುಲದ ಮುದ್ರೆಗಳು ಬರುವುದು ಹೀಗೆ.

ಪಶ್ಚಿಮದ ಹೂವು ಅರಬ್ ಹೆಂಗಸರ ಕೈಗೆ ಬಂದದ್ದು ಮಗ್ಗದಿಂದಲ್ಲ, ಸೂಜಿಯಿಂದ. 1930ರ ದಶಕದಲ್ಲಿ ಪ್ಯಾಲೆಸ್ತೀನಿನ ಹಳ್ಳಿಗಳಿಗೆ ಫ್ರಾನ್ಸಿನ ಡಿಎಂಸಿ ಕಂಪನಿಯ ಹತ್ತಿದಾರ ಬಂತು. ಜೊತೆಗೆ ಗುಲಾಬಿ, ಹಕ್ಕಿಗಳ ನಮೂನೆ ಪುಸ್ತಕಗಳೂ ಬಂದವು. ಕಸೂತಿ ಬಟ್ಟೆಯ ಎಳೆ ಎರಡೂ ಕಡೆ ಸಮ, ಹಾಗಾಗಿ ಪುಸ್ತಕದ ಚೌಕ ಬಟ್ಟೆಯ ಮೇಲೂ ಚೌಕವೇ.

ಅದೇ ಚೌಕವನ್ನು ಸದುವಿಗೆ ತಂದರೆ ಗುಲಾಬಿ ಸೌತೆಕಾಯಿಯಾಗುತ್ತದೆ. ಸೆಂಟಿಮೀಟರಿಗೆ 4 ಜೋಡಿ ಹಾಸು, 2.5 ಹೊಕ್ಕು ಇದೆ ಎನ್ನಿ: 20x20 ಚೌಕದ ಹೂವು 5 ಸೆಂಮೀ ಅಗಲ, 8 ಸೆಂಮೀ ಉದ್ದ. ದುಂಡಗೆ ಬೇಕಾದರೆ 20 ಜೋಡಿಗೆ 12 ಅಥವಾ 13 ಸಾಲು ಸಾಕು. ಅಂದರೆ ಮೊದಲು ಒಂದು ಗೇಣು ನೇಯ್ದು ಎಣಿಸಿ, ಆ ಅಳತೆಯ ಮನೆಗಳ ಹಾಳೆಯಲ್ಲೇ ಚಿತ್ರ ಬರೆಯಬೇಕು. ದಳ ತುಂಬ ಒಂದೇ ಬಣ್ಣ ಹಾಕುವುದು ಇನ್ನೊಂದು ತಪ್ಪು. ಐದು ಸಾಲು ದಾಟಿದರೆ ಹಿಂದಿನ ಎಳೆ 2 ಸೆಂಮೀ ಜೋಲಿ ಉಂಗುರಕ್ಕೆ ಸಿಕ್ಕಿಕೊಳ್ಳುತ್ತದೆ, ಬಿಗಿಯೂ ತಪ್ಪುತ್ತದೆ. ದಳದೊಳಗೆ ಚುಕ್ಕಿ ಇಟ್ಟು ಮುರಿಯಬೇಕು. ಸ್ವೆಟರ್ ಉಣ್ಣೆಯಂತೂ ಹಾಸಿನ ಎಳೆಗೆ ಬೇಡ. ಎಳೆಗಳು ಒಂದಕ್ಕೊಂದು ಉಜ್ಜಿ ಅದು ಜುಂಗಾಗಿ ಹರಿಯುತ್ತದೆ. ಗಟ್ಟಿ ಹುರಿಯ ಎರಡೆಳೆ ನೂಲೇ ಬೇಕು.

ಈ ನೇಯ್ಗೆಯನ್ನು ಉಳಿಸಲು ಕುವೈತಿನ ಸದು ಹೌಸ್ ಎಂಬ ಸಂಸ್ಥೆ ಶುರುವಾದದ್ದು 1979ರಲ್ಲಿ. ಜೋರ್ಡಾನಿನ ಬನಿ ಹಮೀದಾ ಹೆಂಗಸರ ನೇಯ್ಗೆ ಯೋಜನೆ 1985ರದ್ದು; ಪಟ್ಟಣದ ಗಿರಾಕಿಗೆಂದು ಅಲ್ಲಿ ಬಣ್ಣ ಬದಲಿಸಿದರು, ನೆಲಮಗ್ಗ ಬಿಡಲಿಲ್ಲ. ಜಾಣತನ ಅದೇ ಎನ್ನಬೇಕು. ಯುನೆಸ್ಕೊ 2011ರಲ್ಲಿ ಯುಎಇಯ ಸದುವನ್ನು ತುರ್ತು ರಕ್ಷಣೆಯ ಪಟ್ಟಿಗೂ, 2020ರಲ್ಲಿ ಸೌದಿ, ಕುವೈತಿನದನ್ನು ಪ್ರಾತಿನಿಧಿಕ ಪಟ್ಟಿಗೂ ಸೇರಿಸಿತು.

ಹೂಬಳ್ಳಿ ಬಿಡಲು ಮನಸ್ಸಿಲ್ಲದವರು ಅದನ್ನು ಹತ್ತಿಬಟ್ಟೆಯ ಮೇಲೆ ಕಸೂತಿ ಹಾಕಿ, ಎರಡು ಸದು ಪಟ್ಟೆಗಳ ನಡುವೆ ಹೊಲಿಯುವುದು ಮೇಲು. ಹೊಲಿಯುವ ಮೊದಲು ಎರಡನ್ನೂ ಬೇರೆ ಬೇರೆಯಾಗಿ ತಣ್ಣೀರಲ್ಲಿ ನೆನೆಸಿ ಒಣಗಿಸಿ. ಇಲ್ಲವಾದರೆ ಮೊದಲ ಒಗೆತಕ್ಕೇ ಉಣ್ಣೆ ಒಂದಳತೆ, ಹತ್ತಿ ಇನ್ನೊಂದಳತೆ ಕುಗ್ಗಿ ಹೊಲಿಗೆಯುದ್ದಕ್ಕೂ ಸುಕ್ಕು ಬೀಳುತ್ತದೆ.