ಲೋಹವನ್ನು ಕೊನೆಗೆ ಕೇಳಿ

ಸಂಯುಕ್ತದಲ್ಲಿ ಒಂದು ಪರಮಾಣು ಎಷ್ಟು ಎಲೆಕ್ಟ್ರಾನುಗಳನ್ನು ಕೊಟ್ಟಿದೆ (+) ಅಥವಾ ಪಡೆದಿದೆ (−) ಎಂದು ಲೆಕ್ಕಕ್ಕೆ ಹಿಡಿಯುವ ಅಂಕಿಯೇ ಉತ್ಕರ್ಷಣ ಸಂಖ್ಯೆ. ಕಬ್ಬಿಣದ ಉತ್ಕರ್ಷಣ ಸಂಖ್ಯೆ ಎಷ್ಟು ಎಂಬ ಪ್ರಶ್ನೆಗೆ ಉತ್ತರವಿಲ್ಲ. ಯಾವ ಸಂಯುಕ್ತದಲ್ಲಿರುವ ಕಬ್ಬಿಣ ಎಂದು ಹೇಳಿದ ಮೇಲಷ್ಟೇ ಉತ್ತರ ಹುಟ್ಟುತ್ತದೆ. ಸೋಡಿಯಂ ಯಾವ ಲವಣದಲ್ಲಿದ್ದರೂ +1, ಕ್ಯಾಲ್ಸಿಯಂ +2. ಅಲ್ಲಿಗೆ ಮಾತು ಮುಗಿಯಿತು. ಆವರ್ತ ಕೋಷ್ಟಕದ ನಡುಭಾಗದಲ್ಲಿರುವ ಸಂಕ್ರಮಣ ಲೋಹಗಳ ಸ್ವಭಾವವೇ ಬೇರೆ. ಅವುಗಳ ಹೊರಕವಚದ ಎಲೆಕ್ಟ್ರಾನುಗಳಿಗೂ ಅದರೊಳಗಿನ 'ಡಿ' ಎಲೆಕ್ಟ್ರಾನುಗಳಿಗೂ ಶಕ್ತಿಯಲ್ಲಿ ಹೆಚ್ಚು ಅಂತರವಿಲ್ಲ. ಹಾಗಾಗಿ ಒಂದು ಸಂಯುಕ್ತದಲ್ಲಿ ಎರಡು, ಇನ್ನೊಂದರಲ್ಲಿ ಮೂರು, ಮತ್ತೊಂದರಲ್ಲಿ ಇನ್ನೂ ಹೆಚ್ಚು ಎಲೆಕ್ಟ್ರಾನುಗಳು ಬಂಧಕ್ಕೆ ಇಳಿಯುತ್ತವೆ. ಮ್ಯಾಂಗನೀಸ್ +2ರಿಂದ +7ರವರೆಗೆ ಎಲ್ಲ ಮೆಟ್ಟಿಲುಗಳನ್ನೂ ಹತ್ತುತ್ತದೆ. ಇಂಥ ಲೋಹಗಳ ಸಂಖ್ಯೆಗಳನ್ನು ಪಟ್ಟಿ ಮಾಡಿ ಮಕ್ಕಳಿಂದ ಬಾಯಿಪಾಠ ಮಾಡಿಸುವುದು ವ್ಯರ್ಥ ಹೊರೆ.

ಕೇಳಬೇಕಾದದ್ದು ಲೋಹವನ್ನಲ್ಲ, ಅದರ ಜೊತೆಗಿರುವ ಋಣ ಅಯಾನುಗಳನ್ನು, ಅಂದರೆ ಋಣ ಆವೇಶ ಹೊತ್ತ ಕಣಗಳನ್ನು. ಕ್ಲೋರೈಡ್ −1, ಆಕ್ಸೈಡ್ −2, ಸಲ್ಫೇಟ್ −2. ಸಂಯುಕ್ತದ ಒಟ್ಟು ಆವೇಶ ಸೊನ್ನೆ. ಎರಡು ಕಬ್ಬಿಣ, ಮೂರು ಸಲ್ಫೇಟ್ ಇರುವ ಲವಣದಲ್ಲಿ ಋಣದ ಮೊತ್ತ −6. ಅದನ್ನು ಎರಡು ಕಬ್ಬಿಣಗಳು ಸರಿದೂಗಿಸಬೇಕು, ಆದ್ದರಿಂದ ತಲಾ +3. ಹಿಂದೆ ಇಂಥ ಲವಣಗಳನ್ನು ಫೆರಸ್ (+2), ಫೆರಿಕ್ (+3) ಎಂದು ಗುರುತಿಸುತ್ತಿದ್ದರು. ಎರಡು ಹೆಸರು ಕಬ್ಬಿಣಕ್ಕೆ ಸಾಕು, ಮ್ಯಾಂಗನೀಸ್‌ಗೆ ಸಾಲದು. 1919ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಆಲ್ಫ್ರೆಡ್ ಸ್ಟಾಕ್, ಲೋಹದ ಹೆಸರಿನ ಪಕ್ಕದಲ್ಲೇ ಸಂಖ್ಯೆಯನ್ನು ನಮೂದಿಸುವ ಪದ್ಧತಿಯನ್ನು ಮುಂದಿಟ್ಟರು. ಇಂದು ಅದನ್ನು ರೋಮನ್ ಅಂಕಿಯಲ್ಲಿ ಬರೆಯುತ್ತೇವೆ.

ಪೊಟ್ಯಾಸಿಯಂ ಪರ್ಮಾಂಗನೇಟ್‌ನಲ್ಲಿ ಪೊಟ್ಯಾಸಿಯಂ +1, ನಾಲ್ಕು ಆಕ್ಸಿಜನ್ ಸೇರಿ −8; ಉಳಿದದ್ದು ಮ್ಯಾಂಗನೀಸ್‌ನ ಪಾಲಿಗೆ, +7. ಹಾಗೆಂದು ಮ್ಯಾಂಗನೀಸ್ ಏಳು ಎಲೆಕ್ಟ್ರಾನುಗಳನ್ನು ಪೂರ್ತಿ ಬಿಟ್ಟುಕೊಟ್ಟಿದೆ ಎಂದು ತಿಳಿಯುವುದು ದೊಡ್ಡ ತಪ್ಪು. ಆಕ್ಸಿಜನ್ನಿನೊಂದಿಗೆ ಅದು ಎಲೆಕ್ಟ್ರಾನುಗಳನ್ನು ಹಂಚಿಕೊಂಡಿದೆ. ಉತ್ಕರ್ಷಣ ಸಂಖ್ಯೆ ಜಮಾಖರ್ಚಿನ ಪುಸ್ತಕದಲ್ಲಿ ಬರೆದ ಅಂಕಿ. ಪರಮಾಣುವಿನ ಮೇಲೆ ನಿಜವಾಗಿ ಇರುವ ಆವೇಶವನ್ನು ಅಳೆದರೆ ಅದಕ್ಕಿಂತ ಬಹಳ ಕಡಿಮೆ ಸಿಗುತ್ತದೆ.

ಈ ಲೆಕ್ಕ ಎಲ್ಲಿ ಎಡವುತ್ತದೆ ಎಂಬುದೇ ನನಗೆ ಅತ್ಯಂತ ಪ್ರಿಯವಾದ ಭಾಗ. ಚಿನ್ನದಂತೆ ಹೊಳೆಯುವ ಪೈರೈಟ್ ಖನಿಜವನ್ನು ನೋಡಿ. ಅದರಲ್ಲಿ ಒಂದು ಕಬ್ಬಿಣಕ್ಕೆ ಎರಡು ಗಂಧಕ. ಗಂಧಕದ ಋಣ ಅಯಾನು ಸಲ್ಫೈಡ್ −2 ಎಂದು ಹಿಡಿದರೆ ಕಬ್ಬಿಣ +4 ಆಗಬೇಕು. ಲೆಕ್ಕದಲ್ಲಿ ದೋಷವಿಲ್ಲ, ಉತ್ತರ ಮಾತ್ರ ತಪ್ಪು. 1914ರ ವೇಳೆಗೆ ಭೌತವಿಜ್ಞಾನಿ ವಿಲಿಯಂ ಲಾರೆನ್ಸ್ ಬ್ರ್ಯಾಗ್ ಎಕ್ಸ್-ಕಿರಣಗಳಿಂದ ಈ ಹರಳಿನ ಒಳರಚನೆಯನ್ನು ಬಿಡಿಸಿದ್ದರು. ಅದರಲ್ಲಿ ಗಂಧಕದ ಪರಮಾಣುಗಳು ಜೋಡಿ ಜೋಡಿಯಾಗಿವೆ. ಜೋಡಿಯೊಳಗಿನ ಅಂತರ ಸುಮಾರು 2.2 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಎಂದರೆ ಮೀಟರಿನ ಸಾವಿರ ಕೋಟಿಯಲ್ಲೊಂದು ಪಾಲು). ಎರಡು ಬಿಡಿ ಸಲ್ಫೈಡ್ ಅಯಾನುಗಳು ಒಂದನ್ನೊಂದು ತಾಗಿ ಕುಳಿತರೂ ಅವುಗಳ ಕೇಂದ್ರಗಳ ನಡುವೆ 3.5 ಆಂಗ್‌ಸ್ಟ್ರಾಮ್‌ಗಿಂತ ಹೆಚ್ಚು ಅಂತರ ಬೇಕು. ಅಂದರೆ ಇಲ್ಲಿ ಗಂಧಕವೂ ಗಂಧಕವೂ ಬಂಧದಲ್ಲಿವೆ. ಇಡೀ ಜೋಡಿಗೆ ಸೇರಿ −2, ತಲಾ −1. ಆಗ ಕಬ್ಬಿಣ +2. ಸೂತ್ರವನ್ನಷ್ಟೇ ನೋಡಿದವರಿಗೆ ಇದು ಎಂದೂ ತಿಳಿಯುತ್ತಿರಲಿಲ್ಲ. ಪೆರಾಕ್ಸೈಡ್‌ ಎಂಬ ಸಂಯುಕ್ತಗಳಲ್ಲಿ ಜೋಡಿಯಾಗಿ ಆಕ್ಸಿಜನ್ ಆಡುವ ಆಟವೂ ಇದೇ.

ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜದ ತೊಡಕು ಇನ್ನೊಂದು ಬಗೆಯದು. ಮೂರು ಕಬ್ಬಿಣ, ನಾಲ್ಕು ಆಕ್ಸಿಜನ್. ಎಂಟನ್ನು ಮೂರರಿಂದ ಭಾಗಿಸಿದರೆ ಭಿನ್ನರಾಶಿ ಬರುತ್ತದೆ. ಅದು ಸರಾಸರಿ ಮಾತ್ರ: ಒಂದು ಕಬ್ಬಿಣ +2, ಎರಡು +3. ಹರಳಿನಲ್ಲಿ ಎರಡೂ ಬಗೆಯ ಕಬ್ಬಿಣ ಅಕ್ಕಪಕ್ಕದಲ್ಲಿರುವುದರಿಂದ ಒಂದರ ಎಲೆಕ್ಟ್ರಾನು ಇನ್ನೊಂದಕ್ಕೆ ಸಲೀಸಾಗಿ ದಾಟುತ್ತದೆ. ಮ್ಯಾಗ್ನೆಟೈಟ್ ವಿದ್ಯುತ್ತನ್ನು ಚೆನ್ನಾಗಿ ಹರಿಯಬಿಡುವುದು ಇದರಿಂದಲೇ. ಸುಮಾರು 120 ಕೆಲ್ವಿನ್‌ಗಿಂತ (ಸುಮಾರು −153 ಡಿಗ್ರಿ ಸೆಲ್ಸಿಯಸ್) ತಣ್ಣಗಾದರೆ ಆ ಹರಿವು ನೂರು ಪಟ್ಟಿನಷ್ಟು ಕುಸಿಯುವುದನ್ನು ಡಚ್ ವಿಜ್ಞಾನಿ ವೆರ್ವೇ 1939ರಲ್ಲಿ ವರದಿ ಮಾಡಿದರು. ಆ ಉಷ್ಣತೆಗಿಂತ ಮೇಲೆ, ಅಕ್ಕಪಕ್ಕದ ಈ ಕಬ್ಬಿಣಗಳಲ್ಲಿ ಯಾವುದು +2, ಯಾವುದು +3 ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ.